ಔಷಧವೂ ಅಳತೆಯೂ

ಈ ವರ್ಷದ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿನಿಯರು ಕೇಳಿಕೊಂಡಾಗ, ವಾಡಿಕೆಯಂತೆ ಪರೀಕ್ಷಾಫಲಗಳನ್ನೂ ಆಟಪಾಠಗಳನ್ನೂ ಕುರಿತು ನಾಲ್ಕು ಮಾತು ಬರೆದುಕೊಡಬಹುದೆಂದು ನಾವು ಎಣಿಸಿದ್ದೆವು. ಆದರೆ ಆ ಸಂಗತಿಗಳೆಲ್ಲವೂ ಶಾಲೆಯ ವಾರ್ಷಿಕ ವರದಿಯಲ್ಲಿ ಬಂದೇ ಬರುವುವು. ಈ ಪುಸ್ತಕವಾದರೋ ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಿಗೂ, ಈಗಿನ ಮಕ್ಕಳ ತಂದೆತಾಯಂದಿರ ಮನೆಗಳಿಗೂ ಹೋಗತಕ್ಕದ್ದು. ಆ ಮನೆಗಳಲ್ಲಿ ಅನೇಕ ಕಡೆ ದೇವರ ಪಟದ ಕೆಳಗೋ, ಅಡಿಗೆಮನೆಯ ಗೂಡಿನಲ್ಲಿಯೋ ಸಕ್ಕರೆ ಕಾಯಿಲೆಯ ಗುಳಿಗೆಗಳ ಡಬ್ಬಿಯೊಂದು ಇದ್ದೇ ಇರುವುದು. 2023ರಲ್ಲಿ ಪ್ರಕಟವಾದ ದೊಡ್ಡದೊಂದು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಈ ರೋಗವುಳ್ಳವರು 10 ಕೋಟಿಗೂ ಹೆಚ್ಚು ಮಂದಿ. ಆದಕಾರಣ ಆ ಡಬ್ಬಿಯನ್ನು ಕುರಿತೇ ಬರೆಯುವುದು ಮೇಲೆಂದು ನಮಗೆ ತೋರಿತು. ಬರೆಯಲು ಬೇರೊಂದು ಕಾರಣವೂ ಉಂಟು. ಆ ಡಬ್ಬಿಯಿಂದ ನಮ್ಮ ಮನೆಯಲ್ಲಿಯೇ ಒಂದು ಅನರ್ಥವು ನಡೆಯಿತು. ಅದರಲ್ಲಿ ತಪ್ಪು ನಮ್ಮದೇ ಆಗಿತ್ತು.

ನಮ್ಮ ತಾಯಿಯವರೂ ಇದೇ ಶಾಲೆಯಲ್ಲಿ ಓದಿ, ಮುವ್ವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರಾಥಮಿಕ ಶಾಲೆಗಳಲ್ಲಿ ಉಪಾಧ್ಯಾಯಿನಿಯಾಗಿದ್ದವರು. ವಿಶ್ರಾಂತಿಯ ಕಾಲದಲ್ಲಿ ಅವರಿಗೆ ಮಧುಮೇಹವು ಅಂಟಿಕೊಂಡಿತು. ಗ್ಲಿಬೆಂಕ್ಲಮೈಡ್ ಎಂಬ ಗುಳಿಗೆಯನ್ನು ಬೆಳಗಿನ ಉಪಾಹಾರಕ್ಕೆ ಮುಂಚೆ ಒಂದರಂತೆ ಸೇವಿಸಬೇಕೆಂದು ವೈದ್ಯರು ಗೊತ್ತುಮಾಡಿದ್ದರು. ಬಹುಕಾಲ ಅವರೇ ತಪ್ಪದೆ ಸೇವಿಸುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ನೆನಪು ಸ್ವಲ್ಪ ಕುಂದಿದ್ದರಿಂದ, ಗುಳಿಗೆಯನ್ನು ಕೊಡುವ ಕೆಲಸವನ್ನು ನಾವು ವಹಿಸಿಕೊಂಡೆವು.

2016ನೆಯ ಇಸವಿ ಮಾರ್ಚ್ 25ನೆಯ ತಾರೀಖು ಶುಭ ಶುಕ್ರವಾರ. ಹಬ್ಬಕ್ಕಾಗಿ ನಮ್ಮ ತಂಗಿಯೂ ಊರಿಗೆ ಬಂದಿದ್ದಳು. ಬೆಳಿಗ್ಗೆ ಆರೂವರೆಗೆ ನಾವು ತಾಯಿಯವರಿಗೆ ಗುಳಿಗೆಯನ್ನು ಕೊಟ್ಟು ಸ್ನಾನಕ್ಕೆ ಹೋದೆವು. ಎಂಟು ಗಂಟೆಗೆ ತಂಗಿಯು, ಅಕ್ಕನು ಮರೆತಿರಬಹುದೆಂದು ಭಾವಿಸಿ, ಮತ್ತೊಂದನ್ನು ಕೊಟ್ಟಳು. ಮಕ್ಕಳು ಕೊಟ್ಟದ್ದನ್ನು ಕೇಳದೆ ನುಂಗುವುದು ತಾಯಿಯವರ ಸ್ವಭಾವ. ಅಷ್ಟೇ ಆಗಿದ್ದರೂ ಒಂದು ವೇಳೆ ಕಷ್ಟವು ಇಷ್ಟು ದೊಡ್ಡದಾಗುತ್ತಿರಲಿಲ್ಲವೋ ಏನೋ. ಆದರೆ ಅಂದು ಅವರಿಗೆ ಉಪವಾಸ. ಮಧ್ಯಾಹ್ನ ಮೂರು ಗಂಟೆಯವರೆಗೆ ಸಕ್ಕರೆಯಿಲ್ಲದ ಕಾಫಿಯ ಹೊರತು ಏನನ್ನೂ ಬಾಯಿಗಿಡೆನೆಂದು ಅವರು ಹಟ ಹಿಡಿದರು. ಬಾಲ್ಯದಿಂದ ನಡೆಸಿಕೊಂಡು ಬಂದ ವ್ರತವನ್ನು ಈಗೇಕೆ ತಡೆಯಬೇಕೆಂದು ನಾವೂ ಸುಮ್ಮನಾದೆವು. ಊಟವನ್ನು ನಿಲ್ಲಿಸಿದ ದಿನ ಗುಳಿಗೆಯ ವಿಷಯದಲ್ಲಿ ವೈದ್ಯರನ್ನು ಕೇಳತಕ್ಕದ್ದೆಂಬ ಯೋಚನೆಯು, ಬಿ.ಎಸ್‌ಸಿ. ಓದಿ ಮಕ್ಕಳಿಗೆ ವಿಜ್ಞಾನವನ್ನು ಬೋಧಿಸುವ ನಮಗೆ ಬರಲಿಲ್ಲ.

ಮಧ್ಯಾಹ್ನದ ಮೂರು ಗಂಟೆಗಳ ಆರಾಧನೆಯಲ್ಲಿ, ಸುಮಾರು ಒಂದೂವರೆಯ ಹೊತ್ತಿಗೆ, ತಾಯಿಯವರು ಗೀತೆಯ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದುದನ್ನು ಕಂಡೆವು. ಹಣೆಯೆಲ್ಲ ಬೆವರಿತ್ತು. ಬಿಸಿಲಿನ ದಿನ, ಎಲ್ಲರೂ ಬೆವರುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿದ್ದ ಹೆಂಗಸನ್ನು ಗದರಿಸಿಕೊಂಡರು. ಅದು ಅವರಿಗೆ ಸಲ್ಲದ ನಡತೆ. ನಮಗೆ ನಾಚಿಕೆಯಾಯಿತು. “ಅಮ್ಮಾ, ಇಂದಿನ ದಿವಸ ದೇವಾಲಯದಲ್ಲಿ ಹೀಗೆ ಮಾಡಬಾರದು” ಎಂದು ಕಿವಿಯ ಬಳಿ ಗಡುಸಾಗಿ ಹೇಳಿದೆವು. ಅವರು ನಮ್ಮ ಮುಖವನ್ನೇ ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯದು. ಆ ನೋಟವು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ರಕ್ತದಲ್ಲಿ ಸಕ್ಕರೆಯಿಲ್ಲದೆ ತೊಳಲುತ್ತಿದ್ದ ಮಿದುಳಿಗೆ ನಾವು ನಡತೆಯ ಪಾಠವನ್ನು ಹೇಳುತ್ತಿದ್ದೆವು.

ಮನೆಗೆ ಕರೆತಂದೆವು. ಗಂಜಿ ಕಾಯಿಸಿಕೊಟ್ಟರೆ ಎರಡು ಚಮಚ ಕುಡಿದು, ಸಾಕೆಂದು ತಟ್ಟೆಯನ್ನು ತಳ್ಳಿ ಮಲಗಿದರು. ಆಯಾಸವಾಗಿದೆ, ನಿದ್ರೆಮಾಡಲಿ ಎಂದುಕೊಂಡು ನಾವಿಬ್ಬರೂ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆವು. ಸಂಜೆ ಐದು ಗಂಟೆಗೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಬ್ಬದ ರಜೆಯಲ್ಲಿ ನಮ್ಮನ್ನು ನೋಡಿಹೋಗಲು ಬಂದಳು. ಅವಳು ದಾದಿಯ ಕೆಲಸದಲ್ಲಿರುವವಳು. ಅಜ್ಜಿಯನ್ನು ಮಾತನಾಡಿಸಿ ಬರುವೆನೆಂದು ಒಳಗೆ ಹೋದವಳು ಒಡನೆಯೇ ನಮ್ಮನ್ನು ಕೂಗಿದಳು. ತಾಯಿಯವರು ಗೊರಕೆ ಹೊಡೆಯುತ್ತಿದ್ದರು. ಎಷ್ಟು ಅಲುಗಿಸಿದರೂ ಏಳಲಿಲ್ಲ. ದಿಂಬು ಬೆವರಿನಿಂದ ತೊಯ್ದಿತ್ತು. ತಂಗಿಯು ಓಡಿಹೋಗಿ ಸಕ್ಕರೆಯ ನೀರನ್ನು ತಂದಳು. “ಬೇಡಿ ಅಕ್ಕಾ, ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕ್ಕೆ ಹೋಗುತ್ತದೆ” ಎಂದು ಆ ಹುಡುಗಿಯು ತಡೆದು, ತಾಯಿಯವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆಮಾಡಿಸಿದಳು. ನಮ್ಮ ಮನೆಯ ಬೀರುವಿನಲ್ಲಿದ್ದ ಪರೀಕ್ಷಾಯಂತ್ರದಿಂದ ಬೆರಳಿನ ರಕ್ತವನ್ನು ನೋಡಿದಳು. ಅದು 31 ಎಂದು ತೋರಿಸಿತು. 70ಕ್ಕಿಂತ ಕೆಳಗೆ ಇಳಿಯಬಾರದು. 54ಕ್ಕೆ ಕೆಳಗಾದರೆ ಕಠಿಣ ಅಪಾಯ. ಆ ಯಂತ್ರವು ಬೆಳಗಿನಿಂದಲೂ ಅಲ್ಲಿಯೇ ಇತ್ತು.

ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಗ್ಲೂಕೋಸನ್ನು ಕೊಟ್ಟ ಕೆಲವು ನಿಮಿಷಗಳಲ್ಲಿಯೇ ತಾಯಿಯವರು ಕಣ್ಣು ತೆರೆದು, “ಆರಾಧನೆ ಮುಗಿಯಿತೇನಮ್ಮಾ?” ಎಂದು ಕೇಳಿದರು. ನಾವು ದೇವರನ್ನು ಸ್ತುತಿಸಿ, ಇನ್ನು ಮನೆಗೆ ಕರೆದುಕೊಂಡು ಹೋಗಬಹುದಲ್ಲವೆ ಎಂದು ವಿಚಾರಿಸಿದೆವು. ನಮ್ಮ ವಿದ್ಯಾರ್ಥಿನಿಯು, “ಟೀಚರ್, ಇದು ಇನ್ಸುಲಿನ್ನಿನ ಸೂಜಿಯಲ್ಲ, ಗುಳಿಗೆ. ಅಜ್ಜಿಯ ಹೊಟ್ಟೆಯಲ್ಲಿ ಅದರ ಕೆಲಸ ಇನ್ನೂ ಮುಗಿದಿಲ್ಲ. ಇವತ್ತು ಎಲ್ಲಿಗೂ ಹೋಗುವ ಹಾಗಿಲ್ಲ” ಎಂದಳು. ಒಂದು ಕಾಲಕ್ಕೆ ನಾವು ಅವಳಿಗೆ ಹೇಳುತ್ತಿದ್ದ ಧ್ವನಿಯಲ್ಲಿಯೇ ಅವಳು ನಮಗೆ ಹೇಳಿದಳು. ವೈದ್ಯರೂ ಅದನ್ನೇ ಹೇಳಿದರು. ರಾತ್ರಿ ಒಂದೂವರೆ ಗಂಟೆಗೆ ಸಕ್ಕರೆಯು ಪುನಃ 42ಕ್ಕೆ ಇಳಿಯಿತು. ನಾವು ಮನೆಯಲ್ಲಿದ್ದಿದ್ದರೆ, ತಾಯಿಯವರು ಚೆನ್ನಾಗಿ ನಿದ್ರಿಸುತ್ತಿದ್ದಾರೆಂದು ನಾವೂ ನಿದ್ರಿಸುತ್ತಿದ್ದೆವು. ವೈದ್ಯರು ಆಕ್ಟ್ರಿಯೋಟೈಡ್ ಎಂಬ ಔಷಧವನ್ನು ಚುಚ್ಚಿ, ಗ್ಲೂಕೋಸನ್ನು ಮುಂದುವರಿಸಿದರು. ಭಾನುವಾರ, ಪುನರುತ್ಥಾನದ ಹಬ್ಬದ ಬೆಳಿಗ್ಗೆ, ತಾಯಿಯವರು ಮನೆಗೆ ಬಂದರು. ಕರ್ತನು ಅವರಿಗೆ ಇನ್ನೂ ನಾಲ್ಕು ವರ್ಷಗಳ ಆಯುಸ್ಸನ್ನು ದಯಪಾಲಿಸಿದನು.

ಆ ಮೇಲೆ ನಾವು ಈ ವಿಷಯವನ್ನು ಓದಿ, ವೈದ್ಯರನ್ನೂ ಕೇಳಿ ತಿಳಿದುಕೊಂಡೆವು. ತಿಳಿದದ್ದನ್ನು ಸಂಕ್ಷೇಪವಾಗಿ ಇಲ್ಲಿ ಬರೆಯುವೆವು.

ನಮ್ಮ ಹೊಟ್ಟೆಯೊಳಗೆ, ಜಠರದ ಹಿಂಭಾಗದಲ್ಲಿ ಮೇದೋಜೀರಕವೆಂಬ ಗ್ರಂಥಿಯುಂಟು. ಆರೋಗ್ಯವಂತರಲ್ಲಿ ಅದು ರಕ್ತದಲ್ಲಿರುವ ಸಕ್ಕರೆಯನ್ನು ನೋಡಿಕೊಂಡು, ಬೇಕಾದಷ್ಟೇ ಇನ್ಸುಲಿನ್ನನ್ನು ಸುರಿಸುವುದು. ಊಟವಾದಾಗ ಹೆಚ್ಚು, ಹಸಿದಿರುವಾಗ ಕಡಿಮೆ. ಗ್ಲಿಬೆಂಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಪಿಜೈಡ್, ಗ್ಲಿಕ್ಲಜೈಡ್ ಎಂಬ ಗುಳಿಗೆಗಳು ಸಲ್ಫೊನೈಲ್‌ಯೂರಿಯ ಎಂಬ ಒಂದೇ ಕುಲಕ್ಕೆ ಸೇರಿದವು. ಇವು ಆ ಗ್ರಂಥಿಯ ಜೀವಕಣಗಳಲ್ಲಿ ಪೊಟ್ಯಾಸಿಯಮ್ ಹೊರಹೋಗುವ ಸಣ್ಣ ದ್ವಾರಗಳನ್ನು ಮುಚ್ಚಿ, ಕ್ಯಾಲ್ಸಿಯಮ್ ಒಳಗೆ ನುಗ್ಗುವಂತೆ ಮಾಡಿ, ಇನ್ಸುಲಿನ್ನನ್ನು ಹೊರಕ್ಕೆ ತಳ್ಳಿಸುವುವು. ಯಜಮಾನನು ಉಂಡಿದ್ದಾನೆಯೋ ಉಪವಾಸವಿದ್ದಾನೆಯೋ ಎಂದು ಗುಳಿಗೆಯು ವಿಚಾರಿಸುವುದಿಲ್ಲ. ಅದರ ಗುಣವೂ ಅದೇ, ಅವಗುಣವೂ ಅದೇ.

ಈ ಕುಲದ ಔಷಧಗಳ ಚರಿತ್ರೆಯೇ ಈ ಮಾತಿಗೆ ಸಾಕ್ಷಿ. ಇನ್ಸುಲಿನ್ನು ಕೆನಡಾ ದೇಶದ ಟೊರಾಂಟೋ ನಗರದಲ್ಲಿ 1921ರಲ್ಲಿ ದೊರೆತು, 1922ರಲ್ಲಿ ಮೊದಲ ಬಾರಿಗೆ ರೋಗಿಗೆ ಕೊಡಲ್ಪಟ್ಟಿತು. ಆದರೆ ಅದನ್ನು ಸೂಜಿಯಿಂದಲೇ ಕೊಡಬೇಕು. 1942ರಲ್ಲಿ, ಯುದ್ಧದ ದಿನಗಳಲ್ಲಿ, ಫ್ರಾನ್ಸಿನ ಮೋಂಪೆಲ್ಯೇ ನಗರದಲ್ಲಿ ಜಾನ್‌ಬೋನ್ ಎಂಬ ವೈದ್ಯರು ವಿಷಮಶೀತಜ್ವರದ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧವನ್ನು ಕೊಟ್ಟಾಗ, ಆ ರೋಗಿಗಳಲ್ಲಿ ಕೆಲವರ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿಯಿತು. ಅವರ ಸಹೋದ್ಯೋಗಿಯಾದ ಲೂಬಾತಿಯೇರ್ ಎಂಬವರು ಅದರ ಕಾರಣವನ್ನು ಶೋಧಿಸಿ, ಆ ಔಷಧವು ಮೇದೋಜೀರಕವನ್ನು ಪ್ರಚೋದಿಸುವುದೆಂದು ಕಂಡುಕೊಂಡರು. ಅದರಿಂದಲೇ 1950ರ ಬಳಿಕ ಸಕ್ಕರೆ ಕಾಯಿಲೆಯ ಗುಳಿಗೆಗಳು ಹುಟ್ಟಿದುವು. ಹೀಗೆ, ಒಂದು ರೋಗದವರನ್ನು ಅಪಾಯಕ್ಕೀಡುಮಾಡಿದ ಗುಣವೇ ಮತ್ತೊಂದು ರೋಗದವರಿಗೆ ಉಪಕಾರವಾಯಿತು. ಅಳತೆ ತಪ್ಪಿದರೆ ಅದು ತನ್ನ ಮೊದಲಿನ ರೂಪಕ್ಕೆ ತಿರುಗುವುದರಲ್ಲಿ ಆಶ್ಚರ್ಯವೇನು?

ಸಕ್ಕರೆಯು ಇಳಿದಾಗ ಮೊದಲು ಮೈ ನಡುಗುವುದು, ಬೆವರುವುದು, ಎದೆ ಬಡಿಯುವುದು, ಹಸಿವೆಯಾಗುವುದು. ಇನ್ನೂ ಇಳಿದರೆ ಮಾತು ತೊದಲುವುದು, ಕಣ್ಣು ಮಂಜಾಗುವುದು, ಸಾಧುವಾದವರು ಸಿಡುಕುವರು, ಗೊತ್ತಿದ್ದ ದಾರಿಯು ತಪ್ಪುವುದು. ಅದನ್ನು ಕುಡಿತವೆಂದೋ, ಅರುಳುಮರುಳೆಂದೋ, ಕೆಟ್ಟ ಗುಣವೆಂದೋ ನೋಡುವವರು ತಿಳಿಯುವರು. ಕಡೆಗೆ ಸೆಳವು, ಮೂರ್ಛೆ. ಬಹಳ ಹೊತ್ತು ಹಾಗೆಯೇ ಬಿಟ್ಟರೆ ಮಿದುಳಿಗೆ ಶಾಶ್ವತವಾದ ಹಾನಿಯಾಗುವುದು, ಪ್ರಾಣವೂ ಹೋಗುವುದು. ವೃದ್ಧರಲ್ಲಿಯೂ ಬಹುಕಾಲದ ರೋಗಿಗಳಲ್ಲಿಯೂ ಮೊದಲಿನ ಎಚ್ಚರಿಕೆಯ ಗುರುತುಗಳು ಕಾಣಿಸದೆ ನೇರವಾಗಿ ಬುದ್ಧಿಯೇ ಮಂಕಾಗಬಹುದು. ರಕ್ತದ ಒತ್ತಡಕ್ಕಾಗಿ ಕೆಲವರು ಸೇವಿಸುವ ಒಂದು ಬಗೆಯ ಔಷಧಗಳು ನಡುಕವನ್ನೂ ಎದೆಬಡಿತವನ್ನೂ ಮರೆಮಾಡುವುವು. ಬೆವರನ್ನು ಮಾತ್ರ ಮರೆಮಾಡಲಾರವು.

ಎಚ್ಚರವಾಗಿದ್ದು ನುಂಗಬಲ್ಲವರಿಗೆ ಒಡನೆಯೇ ಮೂರು ಟೀ ಚಮಚ ಗ್ಲೂಕೋಸನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕದಡಿ ಕೊಟ್ಟು, ಕಾಲು ಗಂಟೆಯ ಮೇಲೆ ಪುನಃ ರಕ್ತವನ್ನು ನೋಡಬೇಕು. ಏರದಿದ್ದರೆ ಮತ್ತೊಮ್ಮೆ ಕೊಡಬೇಕು. ಆ ಮೇಲೆ ಊಟ ಕೊಡಬೇಕು. ಅಕಾರ್ಬೋಸ್, ವೋಗ್ಲಿಬೋಸ್ ಎಂಬ ಗುಳಿಗೆಗಳನ್ನೂ ಸೇವಿಸುವವರಿಗೆ ಮನೆಯ ಸಕ್ಕರೆಯು ಬೇಗನೆ ಜೀರ್ಣವಾಗದ ಕಾರಣ, ಗ್ಲೂಕೋಸಿನ ಪುಡಿಯನ್ನೇ ಕೊಡತಕ್ಕದ್ದು. ಆದರೆ ಗುಳಿಗೆಯು ಅಳತೆ ಮೀರಿ ಹೊಟ್ಟೆಗೆ ಹೋಗಿದ್ದರೆ ಮನೆಯ ಸಕ್ಕರೆಯಿಂದ ಕೆಲಸವು ಮುಗಿಯಲಿಲ್ಲ. ಕೊಟ್ಟ ಸಕ್ಕರೆಯೇ ಪ್ರಚೋದನೆಗೊಂಡ ಗ್ರಂಥಿಯಿಂದ ಇನ್ನಷ್ಟು ಇನ್ಸುಲಿನ್ನನ್ನು ಹೊರಡಿಸುವುದು. ಏರಿದ ಸಕ್ಕರೆಯು ಪುನಃ ಇಳಿಯುವುದು. ಆಕ್ಟ್ರಿಯೋಟೈಡ್ ಎಂಬುದು ಆ ಸುರಿಸುವಿಕೆಯನ್ನೇ ತಡೆಯುವುದರಿಂದ ಈ ವಿಷಕ್ಕೆ ಪ್ರತಿವಿಷದಂತಿರುವುದು. ಮೂತ್ರಪಿಂಡಗಳು ಬಲಹೀನವಾದವರಲ್ಲಿ ಗ್ಲಿಬೆಂಕ್ಲಮೈಡ್ ಬಹಳ ಹೊತ್ತು ನಿಂತು ಕೆಲಸಮಾಡುವ ಕಾರಣ ವೃದ್ಧರಿಗೆ ಅದನ್ನು ಕೊಡದಿರುವುದು ಲೇಸೆಂದು ವೈದ್ಯರು ಈಗ ಹೇಳುವರು. ನಮ್ಮ ತಾಯಿಯವರಿಗೂ ಅದನ್ನು ಬದಲಾಯಿಸಿದರು.

ಮೆಟ್‌ಫಾರ್ಮಿನ್ ಎಂಬುದು ಬೇರೆ ಕುಲದ ಗುಳಿಗೆ. 1957ರಲ್ಲಿ ಪ್ಯಾರಿಸ್ಸಿನ ಜೀನ್ ಸ್ಟರ್ನ್ ಎಂಬ ವೈದ್ಯರು ಇದನ್ನು ಮಧುಮೇಹಕ್ಕೆ ಉಪಯೋಗಿಸಿ ತೋರಿಸಿದರು. ಇಂದು ಲೋಕದಲ್ಲೆಲ್ಲ ಬಹು ಮಂದಿಗೆ ಹಿತವನ್ನು ಮಾಡುತ್ತಿರುವ ಔಷಧವಿದು. ಇದೊಂದೇ ಆದರೆ ಸಕ್ಕರೆಯನ್ನು ಅತಿಯಾಗಿ ಇಳಿಸುವುದು ಅಪರೂಪ. ಆದರೆ ಅತಿಯಾಗಿ ಸೇವಿಸಿದರೆ, ಅಥವಾ ಮೂತ್ರಪಿಂಡಗಳು ಕೆಟ್ಟು ಅದು ಮೈಯಲ್ಲಿಯೇ ಉಳಿದರೆ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವು ತುಂಬಿಕೊಳ್ಳುವುದು. ಆಗ ವಾಂತಿ, ಹೊಟ್ಟೆನೋವು, ಮಂಪರು, ಆಳವಾದ ವೇಗದ ಉಸಿರಾಟ ತೋರುವುವು. ಇದಕ್ಕೆ ಮನೆಯಲ್ಲಿ ಮದ್ದಿಲ್ಲ. ಆಸ್ಪತ್ರೆಯಲ್ಲಿ ರಕ್ತವನ್ನು ಯಂತ್ರದಿಂದ ಶೋಧಿಸಬೇಕಾಗಬಹುದು. ಇದರ ಸೋದರನಾದ ಫೆನ್‌ಫಾರ್ಮಿನ್ ಎಂಬುದು ಇದೇ ಕಾರಣದಿಂದ 1970ರ ದಶಕದ ಕೊನೆಯಲ್ಲಿ ಅಮೆರಿಕಾದ ಮಾರುಕಟ್ಟೆಯಿಂದ ತೆಗೆಯಲ್ಪಟ್ಟಿತು. ನಮ್ಮ ದೇಶದಲ್ಲಿ ಗ್ಲಿಮೆಪಿರೈಡನ್ನೂ ಮೆಟ್‌ಫಾರ್ಮಿನ್ನನ್ನೂ ಒಂದೇ ಗುಳಿಗೆಯಲ್ಲಿ ಬೆರೆಸಿ ಮಾರುವುದು ಬಹಳ ರೂಢಿ. ಆದುದರಿಂದ ಹೆಸರನ್ನು ಕಂಡು ಒಂದೇ ಔಷಧವೆಂದು ತಿಳಿಯಬಾರದು. ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನೂ ಓದಬೇಕು.

ವೈದ್ಯರು ಬರೆದುಕೊಟ್ಟ ಗುಳಿಗೆಯಿಂದ ಮಾತ್ರವೇ ಅಪಾಯವೆಂದಲ್ಲ. 2008ರಲ್ಲಿ ಸಿಂಗಪುರದಲ್ಲಿ ಮಧುಮೇಹವೇ ಇಲ್ಲದ ಅನೇಕರು ಸಕ್ಕರೆಯಿಳಿದು ಆಸ್ಪತ್ರೆ ಸೇರಿದರು, ನಾಲ್ವರು ತೀರಿಕೊಂಡರು. ಅವರಲ್ಲಿ ಹಲವರು ನುಂಗಿದ್ದ, ಅನುಮತಿಯಿಲ್ಲದೆ ಮಾರಲ್ಪಟ್ಟ ಶಕ್ತಿವರ್ಧಕಗಳಲ್ಲಿ ಗ್ಲಿಬೆಂಕ್ಲಮೈಡನ್ನು ಬೆರೆಸಲಾಗಿತ್ತು. ಹೆಸರಿಲ್ಲದ ಪುಡಿಗಳನ್ನೂ ಗುಳಿಗೆಗಳನ್ನೂ ಸಂತೆಯಲ್ಲಿ ಕೊಳ್ಳುವವರು ಇದನ್ನು ನೆನಪಿನಲ್ಲಿಡಲಿ.

ಎಲ್ಲಕ್ಕಿಂತ ಮಿಗಿಲಾಗಿ ಎಳೆಯ ಕೂಸುಗಳ ತಾಯಂದಿರಿಗೆ ಒಂದು ಮಾತು. ಅಜ್ಜಿಯ ಎಲೆಯಡಿಕೆಯ ಸಂಚಿಯಲ್ಲಿ, ತಾತನ ದಿಂಬಿನ ಕೆಳಗೆ ಇರುವ ಗುಳಿಗೆಯು ಕೂಸಿನ ಕಣ್ಣಿಗೆ ಪೆಪ್ಪರ್‌ಮಿಂಟು. ಸಲ್ಫೊನೈಲ್‌ಯೂರಿಯ ಕುಲದ ಒಂದೇ ಒಂದು ಗುಳಿಗೆಯು ಸಣ್ಣ ಮಗುವಿನ ಪ್ರಾಣಕ್ಕೆ ಸಂಚಕಾರವನ್ನು ತರಬಲ್ಲುದು. ನುಂಗಿದ ಮಗು ಕೆಲವು ಗಂಟೆಗಳ ಕಾಲ ನಗುತ್ತ ಆಡಿಕೊಂಡಿದ್ದು, ರಾತ್ರಿ ಹಾಲು ಕುಡಿಯದೆ ಮಲಗಿದಾಗ ಮೂರ್ಛೆ ಹೋಗಬಹುದು. ಆದುದರಿಂದ ಎಣಿಕೆಯಲ್ಲಿ ಒಂದು ಗುಳಿಗೆ ಕಡಿಮೆಯಾಗಿ ಸಂದೇಹ ಬಂದರೆ, ಮಗು ಚೆನ್ನಾಗಿದೆಯಲ್ಲಾ ಎಂದು ಕಾಯದೆ, ವಾಂತಿ ಮಾಡಿಸುವ ಪ್ರಯತ್ನಕ್ಕೂ ಹೋಗದೆ, ಗುಳಿಗೆಯ ಹೊದಿಕೆಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡತಕ್ಕದ್ದು. ವೈದ್ಯರು ಒಂದು ರಾತ್ರಿ ಅಲ್ಲಿಯೇ ಇರಿಸಿಕೊಳ್ಳುವೆವೆಂದರೆ ಬೇಡವೆನ್ನಬಾರದು.

ಬೆಳೆದ ಹೆಣ್ಣುಮಕ್ಕಳ ವಿಷಯದಲ್ಲಿಯೂ ಒಂದು ಮಾತನ್ನು ಮುಚ್ಚಿಡಲಾರೆವು. ಪರೀಕ್ಷೆಯಲ್ಲಿ ಸೋತ, ಬೈಗುಳ ತಿಂದ, ಹೇಳಲಾರದ ದುಃಖವುಳ್ಳ ಹುಡುಗಿಯ ಕೈಗೂ ಈ ಡಬ್ಬಿಯು ಸುಲಭವಾಗಿ ಸಿಕ್ಕುವುದು. ಡಬ್ಬಿಗೆ ಬೀಗ ಬೇಕು; ಅದಕ್ಕಿಂತಲೂ ಮಗಳ ಮಾತಿಗೆ ಕಿವಿ ಬೇಕು. ಮನೆಯವರೊಡನೆ ಹೇಳಲಾರದವರು ನಮ್ಮ ಕೊಠಡಿಗೆ ಬರಲಿ, ಅದರ ಬಾಗಿಲು ಎಂದಿಗೂ ಮುಚ್ಚಿರುವುದಿಲ್ಲ. 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಸರಕಾರದ ಟೆಲಿ-ಮಾನಸದವರು ಹಗಲೂ ರಾತ್ರಿಯೂ ಕನ್ನಡದಲ್ಲಿಯೇ ಮಾತನಾಡುವರು. 2022ರಿಂದ ಈ ಏರ್ಪಾಡು ನಡೆದುಬಂದಿದೆ.

ಇನ್ನು ನಮ್ಮ ಮನೆಯಲ್ಲಿ ಅಂದಿನಿಂದ ನಡೆಸಿಕೊಂಡು ಬಂದ ಕ್ರಮವನ್ನು ಹೇಳಿ ಮುಗಿಸುವೆವು. ಗುಳಿಗೆಯನ್ನು ಕೊಡುವ ಕೈ ಒಂದೇ ಆಗಿರಬೇಕು. ಶಾಲೆಯ ಹಾಜರಿ ಪುಸ್ತಕದಂತೆ ಗೋಡೆಯ ಮೇಲೆ ಒಂದು ಹಾಳೆ. ಕೊಟ್ಟ ಕೂಡಲೆ ಅದರಲ್ಲಿ ಗುರುತು. ಗುರುತಿಲ್ಲವೆಂದು ಸಂಶಯವಾದರೆ, ಆ ಹೊತ್ತಿನ ಗುಳಿಗೆ ಹೋದರೆ ಹೋಯಿತು, ಎರಡನೆಯದನ್ನು ಕೊಡುವ ಹಾಗಿಲ್ಲ. ಒಂದು ಹೊತ್ತು ಸಕ್ಕರೆಯು ಏರಿದರೆ ಆಗುವ ಕೇಡು, ಅತಿಯಾಗಿ ಇಳಿದರೆ ಆಗುವ ಕೇಡಿಗೆ ಸಮವಲ್ಲ. ಉಪವಾಸ, ವಾಂತಿಭೇದಿ, ಜ್ವರ ಇವು ಬಂದ ದಿನ ಗುಳಿಗೆಯ ವಿಷಯವಾಗಿ ವೈದ್ಯರನ್ನು ಕೇಳಬೇಕು. ಬೇರೆ ರೋಗಕ್ಕೆ ಹೊಸ ಔಷಧವನ್ನು ಬರೆಸಿಕೊಳ್ಳುವಾಗ ಸಕ್ಕರೆಯ ಗುಳಿಗೆಯ ಹೆಸರನ್ನು ಹೇಳಬೇಕು. ಸೋಂಕಿಗೆ ಕೊಡುವ ಕೆಲವು ಔಷಧಗಳು ಇದರ ಬಲವನ್ನು ಹೆಚ್ಚಿಸುವುವು. ನೆರೆಮನೆಯವರ ಗುಳಿಗೆಯನ್ನು ಸಾಲವಾಗಿ ತರಬಾರದು. ಹೀಗೆಂದು ಹೆದರಿ ಔಷಧವನ್ನೇ ಬಿಡುವುದೂ ತಪ್ಪು. ಬಿಟ್ಟವರು ಕಣ್ಣನ್ನೂ ಕಾಲನ್ನೂ ಕಳೆದುಕೊಳ್ಳುವುದನ್ನು ನಾವು ಕಂಡಿದ್ದೇವೆ. ಔಷಧವು ದೇವರ ಕೊಡುಗೆ. ಅಳತೆಯೂ ಆತನ ಕೊಡುಗೆಯೇ.

ಅಂದು ನಮ್ಮ ತಾಯಿಯವರನ್ನು ಉಳಿಸಿದ ಹುಡುಗಿಯು ಒಂಬತ್ತನೆಯ ತರಗತಿಯಲ್ಲಿ ನಮ್ಮಲ್ಲಿಯೇ ವಿಜ್ಞಾನವನ್ನು ಓದಿದವಳು. ಅವಳ ಅಂಕಗಳು ಸಾಧಾರಣವಾಗಿದ್ದುವು. ಅವಳನ್ನು ಕುರಿತು ನಾವು ವಿಶೇಷವಾದ ಮಾತನ್ನೇನೂ ಆಗ ಬರೆದಿರಲಿಲ್ಲ. ಆಸ್ಪತ್ರೆಯ ಆ ರಾತ್ರಿಯಲ್ಲಿ, ಎರಡು ಗಂಟೆಗೊಮ್ಮೆ ಎದ್ದು ತಾಯಿಯವರ ಬೆರಳನ್ನು ನೋಡುತ್ತಿದ್ದ ಅವಳೊಡನೆ, “ಮಗಳೇ, ದೇವಾಲಯದಲ್ಲಿ ನಾನು ಅಮ್ಮನನ್ನು ಗದರಿಸಿದೆ” ಎಂದು ನಾವು ಹೇಳಿಕೊಂಡೆವು. ಅವಳು, “ಅಜ್ಜಿಗೆ ಅದು ನೆನಪಿರುವುದಿಲ್ಲ ಟೀಚರ್” ಎಂದಳು. ನಿಜವಾಗಿಯೂ ತಾಯಿಯವರಿಗೆ ಅಂದಿನ ಮಧ್ಯಾಹ್ನದ ಯಾವುದೂ ಕಡೆಯವರೆಗೂ ನೆನಪಾಗಲಿಲ್ಲ. ನಮಗಾದರೋ ಮರೆವು ಬಂದಿಲ್ಲ; ಬರುವುದೂ ಬೇಡ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಮಾತಾಪಿತೃಗಳೇ, ಈ ಪುಸ್ತಕವನ್ನು ಮುಚ್ಚಿದ ಮೇಲೆ ನಿಮ್ಮ ಮನೆಯ ಆ ಡಬ್ಬಿಯನ್ನು ಒಮ್ಮೆ ತೆರೆದು, ಗುಳಿಗೆಗಳ ಹೆಸರನ್ನು ಓದಿ, ಎಣಿಸಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿಟ್ಟು ಬೀಗ ಹಾಕಿರಿ. ನಿಮ್ಮ ಮನೆಯ ಹಿರಿಯರು ಯಾವಾಗಲಾದರೂ ಸಕಾರಣವಿಲ್ಲದೆ ಬೆವರಿ ಸಿಡುಕಿದರೆ, ಮೊದಲು ರಕ್ತದ ಸಕ್ಕರೆಯನ್ನು ನೋಡಿ, ಬಳಿಕ ಅವರ ನಡತೆಯನ್ನು ನೋಡಿರಿ. ಪರಮತಂದೆಯು ನಿಮ್ಮೆಲ್ಲರ ಮನೆಗಳನ್ನು ಕಾಯಲಿ.